ಕುಣಿಯೊಳಗಿನ ಕಾಲು

ನನ್ನ ಬಲಗಾಲಿನ ಬಗ್ಗೆ ಏಳು ವರ್ಷ ನಾನು ಯಾರಿಗೂ ಸರಿಯಾಗಿ ಏನನ್ನೂ ಹೇಳಿರಲಿಲ್ಲ. ಅದಕ್ಕೆ ನಾಚಿಕೆ ಕಾರಣವಲ್ಲ. ಹೇಳಿದ ಕೂಡಲೇ ಅದು ಎಲ್ಲರ ಕಾಲಾಗುತ್ತದೆ ಎಂಬ ಅಂದಾಜಿತ್ತು. ಆ ಅಂದಾಜು ತಪ್ಪಾಗಲಿಲ್ಲ.

ನೋವು ಶುರುವಾದದ್ದು ಬಾದಾಮಿಯಲ್ಲಿ. ಡಿಗ್ರಿ ಎರಡನೆಯ ವರ್ಷ ಗೆಳತಿಯರ ಜೊತೆ ಗುಹೆಗಳ ಮೆಟ್ಟಿಲು ಇಳಿಯುತ್ತಿದ್ದೆ. ಬಲಗಾಲಿನ ಎರಡನೆಯ ಬೆರಳಿನ ಬುಡದಲ್ಲಿ ಸಣ್ಣ ಹರಳೊಂದು ಸೇರಿಕೊಂಡಂತೆ ಅನಿಸಿತು. ಚಪ್ಪಲಿ ತೆಗೆದು ಝಾಡಿಸಿದೆ, ಹರಳಿರಲಿಲ್ಲ. ಮತ್ತೆ ಹಾಕಿಕೊಂಡು ಹೆಜ್ಜೆಯಿಟ್ಟೆ, ಹರಳಿತ್ತು. ಅಷ್ಟರಲ್ಲಿ ಮಂಗವೊಂದು ಗೆಳತಿಯ ಕೈಯಲ್ಲಿದ್ದ ಬಿಸ್ಕಿಟ್ ಪೊಟ್ಟಣ ಕಿತ್ತುಕೊಂಡು ಓಡಿತು. ಎಲ್ಲರೂ ಅದರ ಹಿಂದೆ ಕೂಗಾಡಿದರು. ನಾನು ಕೆಳಗಿಳಿಯುವವರೆಗೂ ಯಾರೂ ನನ್ನ ಕಾಲು ನೋಡಲಿಲ್ಲ.

ಆಮೇಲೆ ನಾನು ಮೆಟ್ಟಿಲುಗಳನ್ನು ಬಿಟ್ಟೆ. ಎಂ.ಎಸ್ಸಿ. ಮುಗಿಸಿ ಬಾಗಲಕೋಟೆಯ ವಿದ್ಯಾಗಿರಿಯ ಒಂದು ಕಾಲೇಜಿನಲ್ಲಿ ಗಣಿತ ಕಲಿಸಲು ಸೇರಿದೆ. ಬೋರ್ಡಿನ ಮುಂದೆ ನಿಂತಾಗ ಎಡಗಾಲಿನ ಮೇಲೆ ಭಾರ ಹಾಕಿ, ಬಲಗಾಲಿನ ಹಿಮ್ಮಡಿಯನ್ನಷ್ಟೇ ನೆಲಕ್ಕೆ ತಾಗಿಸಿ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡೆ. ವಿದ್ಯಾರ್ಥಿಗಳು ಅದನ್ನು ನನ್ನ ಗತ್ತು ಎಂದುಕೊಂಡಿದ್ದರು. ಶನಿವಾರ ಮಧ್ಯಾಹ್ನ ಹುನಗುಂದದ ಮೇಲೆ ಹಾಯ್ದು ನಮ್ಮೂರು ಇಳಕಲ್ಲಿಗೆ ಬರುವ ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಅದೇ ಗತ್ತಿನಲ್ಲಿ ಕಂಬ ಹಿಡಿದು ನಿಲ್ಲುತ್ತಿದ್ದೆ. ಅವ್ವ ಒಂದೆರಡು ಸಲ ಬಾವು ಗಮನಿಸಿ ಕೇಳಿದಳು. "ಉಳುಕೈತಿ" ಎಂದೆ. ಅವಳು ಔಡಲ ಎಲೆ ಬಿಸಿ ಮಾಡಿ ಕಟ್ಟಿದಳು. ಎಲೆಯ ಬಿಸಿ ಹಿತವಾಗಿತ್ತು. ಅದು ಆರಿದ ಮೇಲೆ ಹರಳು ಅಲ್ಲೇ ಇತ್ತು.

ಅವ್ವ ನೇಕಾರಳು. ನಮ್ಮ ಮನೆಯ ಪಡಸಾಲೆಯಲ್ಲಿರುವುದು ಕುಣಿಮಗ್ಗ. ನೆಲದಲ್ಲಿ ಅಗೆದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅದರ ಅಂಚಿನಲ್ಲಿ ಕುಳಿತು ನೇಯಬೇಕು. ಕುಣಿಯೊಳಗೆ ಎರಡು ಹಲಗೆಗಳಿರುತ್ತವೆ. ಒಂದು ತುಳಿದರೆ ಹಾಸಿನ ಉದ್ದ ಎಳೆಗಳಲ್ಲಿ ಅರ್ಧ ಮೇಲೆದ್ದು ಬಾಯಿ ತೆರೆಯುತ್ತವೆ, ಹೊಕ್ಕಿನ ಅಡ್ಡ ನೂಲು ಹೊತ್ತ ಲಾಳಿ ಅದರೊಳಗಿಂದ ಹಾರುತ್ತದೆ. ಇನ್ನೊಂದು ತುಳಿದರೆ ಉಳಿದರ್ಧ. ಬಲ, ಎಡ, ಬಲ, ಎಡ. ನನಗೆ ಮಗ್ಗ ಬರುತ್ತದೆ. ಪಿಯುಸಿಯಲ್ಲಿದ್ದಾಗ ಅಪ್ಪ ತೀರಿಕೊಂಡ ವರ್ಷ ಒಂದು ಬೇಸಿಗೆಯಿಡೀ ನಾನೇ ನೇಯ್ದಿದ್ದೆ. ಕಾಲು ಕೆಟ್ಟ ಮೇಲೆ ಓದಿನ ನೆವ ಹೇಳಿ ಅದನ್ನೂ ಬಿಟ್ಟಿದ್ದೆ.

ಕಳೆದ ವರ್ಷ ತರಗತಿಯಲ್ಲಿ ಸೀಮೆಸುಣ್ಣ ಕೆಳಗೆ ಬಿತ್ತು. ಎತ್ತಿಕೊಳ್ಳಲು ತುದಿಗಾಲಿನಲ್ಲಿ ಕುಕ್ಕರಿಸಿದವಳು ಮೇಲೇಳಲಾಗದೆ ಬೆಂಚು ಹಿಡಿದುಕೊಂಡೆ. ಆ ಸಂಜೆ ನವನಗರದ ಒಂದು ಆಸ್ಪತ್ರೆಗೆ ಒಬ್ಬಳೇ ಹೋಗಿ ಎಕ್ಸ್‌ರೇ ತೆಗೆಸಿದೆ. ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ಅಲ್ಲಿಗೆ ಬರುವ ಪಾದದ ಸರ್ಜನ್ ಒಬ್ಬರಿದ್ದರು. ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಎಷ್ಟು ವರ್ಷ ಆತ್ರಿ?" ಎಂದು ಕೇಳಿದರು.

"ಏಳು."

"ಏಳು ವರ್ಷ ಏನ್ ಮಾಡಿದ್ರಿ?"

"ನಿಂತಿದ್ದೆ," ಎಂದೆ.

ಅವರು ನಕ್ಕರು. ನಂತರ ನನ್ನ ಕೈಯಲ್ಲಿದ್ದ ಪೆನ್ನನ್ನೇ ತೆಗೆದುಕೊಂಡು ಚೀಟಿಯ ಹಿಂದೆ ಚಿತ್ರ ಬರೆದರು. ಎರಡನೆಯ ಬೆರಳಿಗೆ ಸೇರುವ ಉದ್ದ ಎಲುಬಿನ ತುದಿ ಗುಂಡಗಿರಬೇಕು. ಅಲ್ಲಿಗೆ ರಕ್ತ ಸರಿಯಾಗಿ ಸಿಗದೆ ನನ್ನ ಎಲುಬಿನ ತುದಿಯ ಮೇಲುಭಾಗ ಸತ್ತು ಚಪ್ಪಟೆಯಾಗಿತ್ತು. ಕಾಯಿಲೆಗೆ ಯಾವುದೋ ಕಾಲದ ವೈದ್ಯರೊಬ್ಬರ ಹೆಸರಿದೆ. ಅಪರೂಪದ್ದು. ಬರುವುದು ಹೆಚ್ಚಾಗಿ ಹರೆಯದ ಹುಡುಗಿಯರಿಗೆ. ಯಾಕೆ ಬರುತ್ತದೆ ಎಂದು ಖಚಿತವಾಗಿ ಹೇಳಲಾಗದು ಎಂದರು. ಹಾಗೆ ಒಪ್ಪಿಕೊಂಡ ಡಾಕ್ಟರರ ಮೇಲೆ ನನಗೆ ಅಲ್ಲೇ ನಂಬಿಕೆ ಬಂತು.

ಮೊದಲು ಆರು ತಿಂಗಳು ಗಟ್ಟಿ ಅಟ್ಟೆಯ ಬೂಟು ಹಾಕಿಸಿದರು, ಅದರೊಳಗೆ ಮೆತ್ತನೆಯ ಪ್ಯಾಡ್ ಇಡಿಸಿದರು. ಅದರಿಂದ ಗುಣ ಕಾಣಲಿಲ್ಲ. ಎರಡನೆಯ ಎಕ್ಸ್‌ರೇಯಲ್ಲಿ ಚಪ್ಪಟೆ ಇನ್ನಷ್ಟು ಅಗಲವಾಗಿತ್ತು.

"ತುದಿಯ ಕೆಳಗಿನ ಭಾಗ ಇನ್ನೂ ಛಲೋ ಐತಿ," ಎಂದರು. ಎಲುಬಿನ ಮೇಲ್ಬದಿಯಿಂದ ಬೆಣೆಯಾಕಾರದ ಒಂದು ತೆಳು ಹೋಳು ತೆಗೆದು, ಆ ಸಂದು ಮುಚ್ಚಿದರೆ ತುದಿ ಸ್ವಲ್ಪ ತಿರುಗುತ್ತದೆ. ಕೆಳಗಿನ ಒಳ್ಳೆಯ ಭಾಗ ಮೇಲಕ್ಕೆ ಬಂದು ಕೀಲಿಗೆ ಕೂರುತ್ತದೆ. ಪಾದ ಸೀಳಬೇಕಾಗಿಲ್ಲ. ಜೋಳದ ಕಾಳಿನಷ್ಟು ತೂತು, ಅದರೊಳಗೆ ತೆಳ್ಳನೆಯ ತಿರುಗುವ ಉಪಕರಣ. ಎಲುಬನ್ನು ಪರದೆಯ ಮೇಲಿನ ಎಕ್ಸ್‌ರೇಯಲ್ಲಿ ನೋಡುತ್ತ ಕೊರೆಯುತ್ತಾರೆ. ಗಣಿತ ಕಲಿಸುವವಳಿಗೆ ಇದು ಕೂಡಲೇ ಅರ್ಥವಾಯಿತು. ಕೆಟ್ಟ ಚಾಪವನ್ನು ಸರಿಸಿ ಒಳ್ಳೆಯ ಚಾಪವನ್ನು ಅದರ ಜಾಗಕ್ಕೆ ತರುವ ಒಂದು ಕೋನ, ಅಷ್ಟೇ.

"ತಡ ಮಾಡಿದ್ರ ಕೆಳಗಿಂದೂ ಕೆಡತೈತಿ. ಆಗ ತಿರುಗಿಸಾಕ ಛಲೋ ಜಾಗಾನ ಉಳಿಯೂದಿಲ್ಲ," ಎಂದರು. ಮುಂದಿನ ತಿಂಗಳ ಒಂದು ಗುರುವಾರ ಬರೆಸಿಕೊಂಡು ಬಂದೆ.

ಈಗ ಅವ್ವನಿಗೆ ಹೇಳಲೇಬೇಕಾಯಿತು. ಹೇಳಿದ ದಿನ ದುರ್ದೈವಕ್ಕೆ ಅತ್ತಿಯೂ ಮನೆಯಲ್ಲಿದ್ದಳು. ಅವಳು ಅಪ್ಪನ ತಂಗಿ, ಹುನಗುಂದದವಳು. ಅಪ್ಪ ಹೋದ ಮೇಲೆ ಅವನ ಪಾಲಿನ ಮಾತುಗಳನ್ನೂ ತಾನೇ ಆಡುವವಳು. ಅವಳು ನನಗೊಂದು ಸಂಬಂಧ ತಂದಿದ್ದಳು. ಹುಡುಗ ಹೈಸ್ಕೂಲಿನ ಮಾಸ್ತರ, ಮನೆತನ ನೇಕಾರರದು.

"ಯಾವ ಬೆರಳು?" ಎಂದು ಕೇಳಿದಳು.

ತೋರಿಸಿದೆ.

"ಅಯ್ಯ ಶಿವನ! ಕಾಲುಂಗುರದ ಬೆರಳು!" ಅತ್ತಿ ಚಹಾದ ಬಸಿ ಕೆಳಗಿಟ್ಟಳು. "ಲಗ್ನಕ್ಕ ಮೊದಲ ಆ ಬೆರಳಿಗೆ ಕತ್ತರಿ ಹಾಕಿಸ್ಕೊಂಡು ಕುಂತ್ರ ಯಾರ ಬರ್ತಾರ ನಿನ್ನ ಬಾಗಲಿಗೆ? ವೈನಿ, ನೀ ಏನರ ಹೇಳು."

ಅವ್ವ ನನ್ನ ಕಾಲನ್ನೇ ನೋಡುತ್ತಿದ್ದಳು.

"ಬೆರಳಿಗಲ್ಲ ಅತ್ತಿ, ಎಲುಬಿಗೆ. ಕತ್ತರಿ ಅಲ್ಲ," ಎಂದೆ.

"ಎಲ್ಲಾ ಒಂದ ಅದು. ಲಗ್ನ ಆಗಲಿ, ಆಮ್ಯಾಗ ಗಂಡನ ಮನ್ಯಾಗ ಮಾಡಿಸ್ಕೊಳಾಕಂತಿ. ಏಳು ವರ್ಷ ತಡದೀದಿ, ಇನ್ನೊಂದ್ ವರ್ಷ ತಡಿಯಾಕ ಏನ್ ಧಾಡಿ?"

ಕಾಲು ನನ್ನದು, ಸಮಯ ಅದರದು ಎಂದು ಹೇಳಬೇಕೆನಿಸಿತು. ಆದರೆ ನನಗೆ ಜಗಳ ಬರುವುದಿಲ್ಲ. ದಿನಾಂಕ ಬದಲಾಗುವುದಿಲ್ಲ ಎಂದಷ್ಟೇ ಹೇಳಿದೆ. ಅತ್ತಿ ನನ್ನನ್ನು ಬಿಟ್ಟು ಅವ್ವನನ್ನು ಹಿಡಿದಳು. ಅತ್ತಿ ಹೋದ ಮೇಲೆ ಅವ್ವ ಒಂದೇ ಮಾತು ಕೇಳಿದಳು. "ಅವರು ಒಮ್ಮಿ ಬಂದು ನೋಡ್ಕೊಂಡು ಹೋಗ್ಲಿ. ಗುರುವಾರ ನಿನ್ನದ."

ಒಪ್ಪಿದೆ, ಒಂದು ಷರತ್ತಿನ ಮೇಲೆ: ನಾನಾಗಿ ಹೇಳುವುದಿಲ್ಲ, ಅವರು ಕೇಳಿದರೆ ಸುಳ್ಳಾಡುವುದಿಲ್ಲ.

ಕನ್ಯೆ ನೋಡಲು ಬಂದವರು ಹುಡುಗಿಯನ್ನು ನಡೆಸಿ ನೋಡುವುದು ನಮ್ಮಲ್ಲಿ ಇನ್ನೂ ಇದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೀರು ಕೇಳುತ್ತಾರೆ, ಚಹಾದ ಕಪ್ಪು ಒಯ್ಯಲು ಹೇಳುತ್ತಾರೆ, ಕಣ್ಣು ಮಾತ್ರ ಕಾಲಿನ ಮೇಲಿರುತ್ತದೆ. ಅತ್ತಿಗೆ ಇದು ಗೊತ್ತಿತ್ತು. ಅವಳು ಹೂಡಿದ ಉಪಾಯ ಇಳಕಲ್ಲಿನಲ್ಲಿ ಮಾತ್ರ ಹೊಳೆಯುವಂಥದ್ದು.

"ಅವರು ಬರೂದ್ರಾಗ ಇಕಿನ್ನ ಮಗ್ಗದಾಗ ಕುಂಡ್ರಸೂಣು," ಎಂದಳು. "ಕಾಲು ಕುಣ್ಯಾಗ ಇರ್ತಾವ. ಯಾರಿಗೆ ಕಾಣತಾವ? ಇಷ್ಟ ಕಲಿತ ಹುಡುಗಿ ನೇಯ್ಗಿನೂ ಮಾಡ್ತಾಳಂದ್ರ ನೋಡಿದವರು ಕುಂತಲ್ಲೇ ಹೂಂ ಅಂತಾರ. ಚಹಾ ನಾ ಕೊಡ್ತೇನಿ. ನೀ ಏಳಬ್ಯಾಡ, ಅಷ್ಟ."

ಆ ಗುರುವಾರಕ್ಕೆ ಮೊದಲಿನ ಭಾನುವಾರ ಅವ್ವನ ಅರ್ಧ ನೇಯ್ದ ಸೀರೆಯ ಮುಂದೆ ಕುಳಿತೆ. ಹೊರಗೆ ಕಾರು ನಿಂತ ಸದ್ದಾಯಿತು. "ತುಳಿ, ತುಳಿ," ಎಂದು ಅತ್ತಿ ಪಿಸುಗುಟ್ಟಿ ಬಾಗಿಲಿಗೆ ಓಡಿದಳು. ಒಳಗೆ ಬಂದವರು ಮೂವರು: ಹುಡುಗ, ಅವನ ತಾಯಿ, ಅವನ ಅಜ್ಜಿ. ಅಜ್ಜಿಗೆ ಎಂಬತ್ತರ ಹತ್ತಿರ. ಕಣ್ಣಿಗೆ ದಪ್ಪ ಗಾಜಿನ ಚಾಳೀಸು. ಜೀವಮಾನವಿಡೀ ಮಗ್ಗದ ಮುಂದೆ ಕುಳಿತ ಬೆನ್ನು ಇನ್ನು ನೆಟ್ಟಗಾಗದಂತೆ ಬಾಗಿತ್ತು.

ನಾನು ತುಳಿದೆ. ಎಡಗಾಲು ಸರಿಯಾಗಿ ಇಳಿಯಿತು. ಬಲಗಾಲಿನ ಮುಂಪಾದದಿಂದ ತುಳಿಯಲಾಗದೆ ಹಿಮ್ಮಡಿಯನ್ನು ಹಲಗೆಗೆ ಒತ್ತಿದೆ. ಹಿಮ್ಮಡಿಗೆ ಹಲಗೆಯ ಅಂದಾಜು ಸಿಗಲಿಲ್ಲ. ಎಳೆಗಳ ಬಾಯಿ ತಡವಾಗಿ, ಅರ್ಧ ತೆರೆಯಿತು. ಕಾದು ಲಾಳಿ ಬಿಟ್ಟೆ. ಮತ್ತೆ ಎಡ, ಮತ್ತೆ ಬಲ. ಅತ್ತಿ ನನ್ನ ಎಂ.ಎಸ್ಸಿ. ಅಂಕಗಳನ್ನು ಹೇಳುತ್ತಿದ್ದಳು. ಹುಡುಗನ ತಾಯಿ ಸೀರೆಯ ದಡಿ ನೋಡುತ್ತಿದ್ದರು. ಹುಡುಗ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಅಜ್ಜಿ ಮಾತ್ರ ಏನನ್ನೂ ನೋಡುತ್ತಿರಲಿಲ್ಲ. ತಲೆಯನ್ನು ಒಂದು ಕಡೆ ವಾಲಿಸಿ ಕುಳಿತಿದ್ದರು.

"ತಡಿಯವ್ವಾ," ಎಂದರು ಅಜ್ಜಿ. ಅತ್ತಿ ಮಾತು ನಿಲ್ಲಿಸಿದಳು. "ನಿನಗಲ್ಲ. ಆ ಹುಡುಗಿಗೆ. ಯವ್ವಾ, ನಿಮ್ಮ ಮಗ್ಗ ಯಾಕ ಕುಂಟಾಕತ್ತೈತಿ?"

ತುಳಿಯುವುದನ್ನು ನಿಲ್ಲಿಸಿದೆ.

"ಹಳೀ ಮಗ್ಗರಿ ಅಜ್ಜಿ," ಎಂದಳು ಅತ್ತಿ. "ಹಲಗಿ ಸಡ್ಲ ಆಗೇತಿ."

"ಹಲಗಿ ಸಡ್ಲಾದ್ರ ಸಪ್ಪಳ ಬ್ಯಾರೆ. ಇದು ಬಲಗಾಲು ತಡಾ ಮಾಡೂ ಸಪ್ಪಳ."

ಅತ್ತಿ ಬಚ್ಚಿಟ್ಟ ಕಾಲನ್ನು ಮಗ್ಗ ಊರಿಗೆಲ್ಲ ಕೇಳುವಂತೆ ಸಾರುತ್ತಿತ್ತು. ನನಗೆ ನಗು ಬಂತು, ಅವಳಿಗೆ ಬೆವರು ಬಂತು. ಕುಣಿಯ ಅಂಚಿಗೆ ಕೈಯೂರಿ ಮೇಲೆದ್ದೆ. ಏಳುವಾಗ ಬಲಗಾಲಿನ ಮೇಲೆ ಭಾರ ಬಿದ್ದು ಮುಖ ಹಿಂಡಿತು. ಅದನ್ನು ಅಡಗಿಸಲಿಲ್ಲ. ಮೂವರ ಮುಂದೆ ಇದ್ದ ಹಾಗೇ ಕುಂಟುತ್ತ ನಡೆದು ಹೋಗಿ ನಿಂತೆ.

"ಮಗ್ಗ ಛಲೋ ಐತ್ರಿ. ನನ್ನ ಕಾಲಾಗ ಒಂದು ಎಲುಬು ಕೆಟ್ಟೈತಿ. ಗುರುವಾರ ಆಪರೇಶನ್ ಐತಿ," ಎಂದು, ಯಾವ ಎಲುಬು, ಏನು ಮಾಡುತ್ತಾರೆ ಎಂಬುದನ್ನೂ ಹೇಳಿದೆ. ತರಗತಿಯಲ್ಲಿ ಹೇಳುವ ಹಾಗೆ, ಹೆಚ್ಚು ಕಡಿಮೆ ಇಲ್ಲದೆ.

ಹುಡುಗನ ತಾಯಿ ಮಗನ ಮುಖ ನೋಡಿದರು. ಮಗ ಕ್ಯಾಲೆಂಡರ್ ಬಿಟ್ಟು ಫೋನು ನೋಡತೊಡಗಿದ್ದ. "ಆಪರೇಶನ್ ಆಗ್ಲಿ ಬಿಡ್ರಿ," ಎಂದರು ತಾಯಿ ಅತ್ತಿಯ ಕಡೆ ತಿರುಗಿ. "ಆದಮ್ಯಾಗ ಒಮ್ಮಿ ನಡದು ತೋರ್ಸಲಿ. ಆವಾಗ ನೋಡೂಣು."

ಆ ಮಾತು ನನಗೆ ಎಲುಬಿನ ನೋವಿಗಿಂತ ಚೆನ್ನಾಗಿ ನೆನಪಿದೆ.

"ತೋರಸಾಕಂತ ಮಾಡಸ್ಕೊಳ್ಳಾಕತ್ತಿಲ್ರಿ," ಎಂದೆ. "ನಡಿಯಾಕ ಮಾಡಸ್ಕೊಳ್ಳಾಕತ್ತೇನಿ."

ಅವರು ಚಹಾ ಕುಡಿದು ಎದ್ದರು. ಅಜ್ಜಿ ಹೋಗುವಾಗ ಮಗ್ಗದ ಹತ್ತಿರ ನಿಂತು, ನಾನು ನೇಯ್ದ ಆ ಎರಡು ಬೆರಳಗಲದ ಬಟ್ಟೆಯನ್ನು ಮುಟ್ಟಿ ನೋಡಿದರು. "ಇದನ್ನ ಬಿಚ್ಚಿ ಹಾಕು," ಎಂದರು ಅವ್ವನಿಗೆ.

ಕಾರು ಹೋದ ಮೇಲೆ ಅತ್ತಿಯ ಬಾಯಿ ತೆರೆಯಿತು. "ಸೊಕ್ಕು ನೋಡು ಇಕಿದು! ಹಲಗಿ ಸಡ್ಲಂತ ನಾ ಹೇಳಿದ್ನಿಲ್ಲ? ಹೂಂ ಅಂದಿದ್ರ ನಿನ್ನ ಗಂಟೇನು ಹೋಗತಿತ್ತು? ನಮ್ಮಣ್ಣ ಇದ್ದಿದ್ರ..."

"ಇದ್ದಿದ್ರ ಇಕಿನ್ನ ದವಾಖಾನಿಗೆ ತಾನ ಕರ್ಕೊಂಡ್ ಹೋಗತಿದ್ದ," ಎಂದಳು ಅವ್ವ. ಅವತ್ತಿನ ಅವಳ ಮೊದಲ ಮಾತು ಅದು. ಅತ್ತಿ ಚೀಲ ಎತ್ತಿಕೊಂಡು ನಾಲ್ಕೂವರೆಯ ಬಸ್ಸಿಗೆ ಹೋದಳು.

ಅವ್ವ ಕುಳಿತು ನಾನು ಕೆಡಿಸಿದ ಹೊಕ್ಕನ್ನು ಎಳೆ ಎಳೆಯಾಗಿ ಬಿಚ್ಚಿದಳು. ಬಹಳ ಹೊತ್ತಾದ ಮೇಲೆ, "ಪಾದ ತೆರೆಯೂದಿಲ್ಲ ಅಂದಿ. ಮತ್ತ ಎಲುಬು ಕಾಣದ ಹೆಂಗ ಕೊಯ್ತಾರ?" ಎಂದು ಕೇಳಿದಳು. ಇಷ್ಟು ದಿನ ಅವಳ ಬಾಯಿ ಕಟ್ಟಿದ್ದು ಕಾಲುಂಗುರವಲ್ಲ, ಈ ಪ್ರಶ್ನೆ ಎಂದು ಆಗ ಗೊತ್ತಾಯಿತು.

ಪರದೆಯ ವಿಷಯ ಹೇಳಿದೆ. ಡಾಕ್ಟರರ ಕಣ್ಣು ಪರದೆಯ ಮೇಲಿರುತ್ತದೆ, ಕೈ ಮಾತ್ರ ಪಾದದ ಹತ್ತಿರ ಇರುತ್ತದೆ ಎಂದೆ. ಅವ್ವ ತನ್ನ ತೊಡೆಗಳ ಕೆಳಗೆ ಕುಣಿಯ ಕತ್ತಲೆಗೆ ಇಳಿಬಿದ್ದ ಕಾಲುಗಳತ್ತ ಒಮ್ಮೆ ಬಗ್ಗಿ ನೋಡಿದಳು.

"ಮೂವತ್ತು ವರ್ಷ ಆತು ಕುಂತು. ನನ್ನ ಕಾಲು ಏನ್ ಮಾಡ್ತಾವಂತ ನಾ ಯಾವತ್ತರ ನೋಡೇನೇನು?" ಎಂದಳು. ಬಿಚ್ಚಿದ ನೂಲನ್ನು ಕೈಗೆ ಸುತ್ತಿಕೊಂಡಳು. "ಮಾಡ್ಲಿ ಹಂಗಾರ. ಕೈ ಪಳಗಿದಾಕಿ ಇರಬೇಕು, ಅಷ್ಟ."

ಗುರುವಾರ ಅವಳು ನನ್ನ ಜೊತೆ ನವನಗರಕ್ಕೆ ಬಂದಳು. ಒಪ್ಪಿಗೆ ಪತ್ರ ತಂದ ಸಿಸ್ಟರ್, "ಗಂಡಂದರ ತಂದೀದರ ಸಹಿ ಬೇಕ್ರಿ," ಎಂದರು.

"ನನಗ ಇಪ್ಪತ್ತೇಳು ವರ್ಷ ರಿ," ಎಂದು ಪೆನ್ನು ತೆಗೆದುಕೊಂಡೆ.

"ಹಂಗಲ್ಲರಿ, ಎಲ್ಲಾರೂ ಮಾಡಸ್ತಾರ..."

"ನೀವು ಪೂರ್ತಿ ಓದ್ರಿ. ಎಲ್ಲೂ ಹಂಗ ಬರದಿಲ್ಲ." ನಾನು ಎರಡೂ ಪುಟ ಓದಿದ್ದೆ. ಅವರು ಓದಿದರು, ತಲೆಯಾಡಿಸಿದರು, ಸಾಕ್ಷಿಯ ಜಾಗದಲ್ಲಿ ಅವ್ವನ ಸಹಿ ಮಾಡಿಸಿಕೊಂಡರು. ಅವ್ವ ತನ್ನ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಗೆರೆ ದಾಟಿ ಬರೆದಳು.

ಕಣಕಾಲಿನ ಸುತ್ತ ಚುಚ್ಚುಮದ್ದು ಕೊಟ್ಟು ಪಾದವನ್ನಷ್ಟೇ ಮರಗಟ್ಟಿಸಿದರು. ನಾನು ಎಚ್ಚರದಲ್ಲಿದ್ದೆ. ಪರದೆಯನ್ನು ನನ್ನ ಕಡೆಗೂ ಸ್ವಲ್ಪ ತಿರುಗಿಸಲು ಕೇಳಿದೆ. "ಹೆದರೂದಿಲ್ಲಲ್ಲ?" ಎಂದು ಡಾಕ್ಟರ್ ತಿರುಗಿಸಿದರು. ಬೂದುಬಣ್ಣದಲ್ಲಿ ಐದು ಎಲುಬುಗಳು ಪಕ್ಕಪಕ್ಕದಲ್ಲಿ ಮಲಗಿದ್ದವು. ಎರಡನೆಯದರ ತುದಿ ಹೊಸ್ತಿಲ ಹಾಗೆ ಸಪಾಟಾಗಿತ್ತು. ಏಳು ವರ್ಷ ಹರಳು ಎಂದುಕೊಂಡದ್ದು ಅದು. ಉಪಕರಣದ ಸದ್ದು ಜಾಸ್ತಿಯಿರಲಿಲ್ಲ. ಎಲುಬು ಬಿಸಿಯಾಗದಂತೆ ನೀರು ಬಿಡುತ್ತಿದ್ದರು. ಪಾದದಲ್ಲಿ ನೋವಿಲ್ಲ, ನಡುಕ ಮಾತ್ರ ಮೊಣಕಾಲಿನವರೆಗೆ ಬರುತ್ತಿತ್ತು. ಡಾಕ್ಟರರು ಒಮ್ಮೆಯೂ ನನ್ನ ಪಾದದ ಕಡೆ ನೋಡಲಿಲ್ಲ. ಪರದೆಯ ಮೇಲೆ ಕೂದಲೆಳೆಯಂಥ ಬೆಳ್ಳನೆಯ ಗೆರೆ ಮೂಡಿತು, ಅಗಲವಾಯಿತು. ಆಮೇಲೆ ಅವರು ಬೆರಳಿನಿಂದ ಒತ್ತಿದರು. ಗೆರೆ ಮುಚ್ಚಿತು, ತುದಿ ತಿರುಗಿತು. ಗುಂಡಗಿನ ಅಂಚು ಮೇಲೆ ಬಂತು. ನನ್ನ ಎಲುಬನ್ನು ಸುಂದರ ಎಂದು ನಾನು ಅಂದುಕೊಂಡದ್ದು ಅದೇ ಮೊದಲು.

ಒಂದು ಹೊಲಿಗೆ ಹಾಕಿದರು. ಒಳಗೆ ಸ್ಕ್ರೂ ಇಲ್ಲ, ತಂತಿ ಇಲ್ಲ. ಎಲುಬು ಕೂಡುವವರೆಗೆ ಬೆರಳನ್ನು ಅದೇ ಕೋನದಲ್ಲಿ ಹಿಡಿದಿಡುವುದು ಅಂಟುಪಟ್ಟಿ ಮಾತ್ರ. ಅದನ್ನು ವಾರಕ್ಕೊಮ್ಮೆ ಬದಲಿಸಬೇಕು. ಮರದಂಥ ಅಟ್ಟೆಯ ಚಪ್ಪಲಿ ಕೊಟ್ಟು ಮರುದಿನದಿಂದಲೇ ಹಿಮ್ಮಡಿಯ ಮೇಲೆ ನಡೆಯಲು ಹೇಳಿದರು. ಮೊದಲ ಸಲ ಪಟ್ಟಿ ಬದಲಿಸುವಾಗ ಅವ್ವ ಸಿಸ್ಟರ್ ಪಕ್ಕದಲ್ಲಿ ನಿಂತು ನೋಡಿದಳು. "ಸಡ್ಲ ಆತಲ್ರಿ," ಎಂದಳು. ಸಿಸ್ಟರ್ ಮುಖ ಊದಿಸಿಕೊಂಡರು. ಡಾಕ್ಟರ್ ಬಂದು ಮುಟ್ಟಿ ನೋಡಿ, "ಖರೆ, ಸಡ್ಲ ಐತಿ. ನೀವ ಹಾಕ್ರಿ ನೋಡೂಣು," ಎಂದರು. ಸಾವಿರಾರು ಎಳೆಗಳನ್ನು ಒಂದೇ ಬಿಗಿಯಲ್ಲಿ ಹಿಡಿಯುವ ಕೈ ಅದು. ಮುಂದಿನ ವಾರಗಳಲ್ಲಿ ನನ್ನ ಪಟ್ಟಿ ಬದಲಿಸಿದವಳು ಅವ್ವನೇ.

ಎಲ್ಲವೂ ಸಲೀಸಾಗಲಿಲ್ಲ. ಮೂರನೆಯ ವಾರ ಪಾದ ಹಲಸಿನಂತೆ ಊದಿತು. ಈಗಲೂ ಆ ಬೆರಳು ಎಡಗಾಲಿನದರಷ್ಟು ಮಡಚುವುದಿಲ್ಲ. ಮಡಚಲಿಕ್ಕಿಲ್ಲ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಆದರೆ ಹರಳು ಹೋಯಿತು. ಹೋದ ದಿನ ನನಗೆ ತಿಳಿಯಲಿಲ್ಲ. ಒಂದು ಮಧ್ಯಾಹ್ನ ಪಾಠದ ನಡುವೆ ಎರಡೂ ಕಾಲಿನ ಮೇಲೆ ನಿಂತಿದ್ದೇನೆ ಎಂದು ಗಮನಕ್ಕೆ ಬಂದಾಗ ಬರೆಯುತ್ತಿದ್ದ ಸಮೀಕರಣ ಅರ್ಧಕ್ಕೆ ನಿಂತಿತು. "ಮೇಡಂ, ಮುಂದ?" ಎಂದಳು ಮುಂದಿನ ಬೆಂಚಿನವಳು.

ನಾಲ್ಕು ತಿಂಗಳ ನಂತರ ಅತ್ತಿ ಬಂದಳು. ಅವಳ ಸಿಟ್ಟು ಅಷ್ಟು ದಿನ ಉಳಿದದ್ದೇ ಹೆಚ್ಚು. ನನ್ನ ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು ಕನ್ನಡಕ ಹಾಕಿ ಹುಡುಕಿದಳು.

"ಎಲ್ಲೈತಿ ಗಾಯ?"

ತೋರಿಸಿದೆ. ಎಳ್ಳಿನಷ್ಟು ಕಪ್ಪು ಗುರುತು.

"ಇಷ್ಟನಾ? ಇಷ್ಟಕ್ಕ ಅಷ್ಟು ರಾಮಾಯಣ ಮಾಡಿದಿ?" ಕಾಲು ಬಿಡಲಿಲ್ಲ. "ಅವರು ಮತ್ತ ಕೇಳಾಕತ್ತಾರ. ಆ ಅಜ್ಜಿ ಬಿಡವಲ್ಲಂತ, ಅದ ಹುಡುಗಿ ಬೇಕಂತ. ಆದ್ರ ಹುಡುಗನ ತಾಯಿ ಒಮ್ಮಿ ನಡದು ತೋರ್ಸಲಿ ಅಂತಾಳ. ಬರೂ ಭಾನುವಾರ ಬರ್ತಾರ."

"ಭಾನುವಾರ ನಾ ಮನ್ಯಾಗ ಇರೂದಿಲ್ಲ ಅತ್ತಿ. ಬಾದಾಮಿಗೆ ಹೊಂಟೇನಿ."

"ಬಾದಾಮ್ಯಾಗೇನೈತಿ?"

"ಮೆಟ್ಟಲಾ. ನೋಡೋರು ಅಲ್ಲಿಗೇ ಬರ್ಲಿ. ನಾ ಹತ್ತತೇನಿ, ಅವರೂ ನನ್ನ ಜೋಡಿ ಹತ್ತಲಿ. ಅವರು ನನ್ನ ನಡಿಗಿ ನೋಡ್ಲಿ, ನಾ ಅವರದು ನೋಡ್ತೇನಿ."

ಮಗ್ಗದಲ್ಲಿ ಕುಳಿತಿದ್ದ ಅವ್ವ ನಕ್ಕಳು, ಲಾಳಿ ತಪ್ಪಿ ಕೆಳಗೆ ಬಿತ್ತು. "ತಾಯಿಗೆ ತಕ್ಕ ಮಗಳು," ಎಂದಳು ಅತ್ತಿ ನನ್ನ ಕಾಲನ್ನು ಮಡಿಲಿಂದ ತಳ್ಳುತ್ತ. ಆದರೂ ಹುನಗುಂದಕ್ಕೆ ಹೋಗಿ ಆ ಮಾತನ್ನು ಹಾಗೇ ಮುಟ್ಟಿಸಿದಳಂತೆ.

ಅವರು ಬರಲಿಲ್ಲ. ಬಂದಿದ್ದರೂ ನಾನು ಕಾಯುತ್ತಿರಲಿಲ್ಲ. ಅವ್ವನ ಜೊತೆ ಬೆಳಿಗ್ಗೆ ಬಿಸಿಲೇರುವ ಮೊದಲೇ ಮೆಟ್ಟಿಲು ಹತ್ತಿದೆ. ಮೂವತ್ತು ವರ್ಷ ಕುಳಿತೇ ತುಳಿದ ಅವ್ವನಿಗೆ ಎರಡನೆಯ ಗುಹೆಯ ಹತ್ತಿರ ದಮ್ಮು ಬಂತು. "ನೀ ಹೋಗು, ನಾ ಇಲ್ಲೇ ಕುಂಡ್ರತೇನಿ," ಎಂದು ನೆರಳಿನಲ್ಲಿ ಕುಳಿತಳು. ನಾನು ಕೊನೆಯವರೆಗೆ ಹತ್ತಿ, ಕೆರೆಯನ್ನು ಒಮ್ಮೆ ನೋಡಿ, ಎಂಟು ವರ್ಷದ ಹಿಂದೆ ಚಪ್ಪಲಿ ಝಾಡಿಸಿದ ಆ ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಇಳಿದೆ. ಕಲ್ಲು ಆಗಲೇ ಬೆಚ್ಚಗಾಗತೊಡಗಿತ್ತು.

ನನ್ನನ್ನು ಕಂಡದ್ದೇ ಅವ್ವ ಕಣ್ಣು ಮುಚ್ಚಿಕೊಂಡಳು.

"ಯಾಕವ್ವ, ತಲಿ ತಿರುಗೇತೇನು?"

"ಸುಮ್ನ ಇಳಿ," ಎಂದಳು. "ಸಪ್ಪಳ ಕೇಳಾಕತ್ತೇನಿ."